ಏಳನೆಯ ಪಕ್ಕೆಲುಬು

ಕರಾಪಿರೋ ಕೆರೆಯ ಮೇಲೆ ಜುಲೈ ತಿಂಗಳ ಕಾವಳ
ಇನ್ನೂ ಎದ್ದಿರಲಿಲ್ಲ. ಅವಳು ಎದ್ದು ಬಂದಿದ್ದಳು,
ಮೆರೆಆನಾ, ಹತ್ತೊಂಬತ್ತು, ಎಂಟು ಜನರ ದೋಣಿಯಲ್ಲಿ ಐದನೆಯ ಹುಟ್ಟು.
ಕೋಟು ಕಳಚಲು ಎಡಗೈಯನ್ನು ಮೊದಲು ಜಾರಿಸಿದಳು,
ಆಮೇಲೆ ಬಲಗೈಯನ್ನು ನಿದ್ದೆಯ ಕೂಸಿನಂತೆ ಹೊರತೆಗೆದಳು.
ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ, ಬಾಗಿಲ ಬಳಿ.

"ಬೆನ್ನು ಹಿಡಿದಿದೆ, ಫೇರ್ಲಿ. ಒಂದು ಸಲ ಚಟ್ ಅನ್ನಿಸಿಬಿಡಿ, ಸಾಕು.
ಶನಿವಾರ ಆಯ್ಕೆ."

ಚಟ್.
ಮೂವತ್ತೊಂದು ವರ್ಷ ಈ ಸದ್ದಿನ ಅನ್ನ ತಿಂದಿದ್ದೇನೆ.
ಕೀಲಿನೊಳಗೊಂದು ಗುಳ್ಳೆ, ಅಷ್ಟೇ.
ಬಂದವರು ಹೆಗಲು ಕುಣಿಸುತ್ತ ಹೋಗುತ್ತಾರೆ,
ನಾನು ಕೈ ತೊಳೆಯುತ್ತೇನೆ.

ಬೋರಲು ಮಲಗು ಅಂದೆ.
ಅವಳು ಮಲಗುವಷ್ಟರಲ್ಲಿ
ಕೆಟಲಿನ ನೀರು ಕುದಿದು ತಾನೇ ಸುಮ್ಮನಾಯಿತು.
ಬೆರಳು ನಡೆಸಿದೆ. ಬೆನ್ನುಮೂಳೆಯ ಪಕ್ಕ ಏನಿಲ್ಲ,
ಬಿಗಿತ, ಹುಟ್ಟು ಹಾಕುವವರಿಗೆಲ್ಲ ಇರುವಷ್ಟು.
ಹೊರಗೆ, ಕಂಕುಳ ಕೆಳಗೆ, ಏಳನೆಯ ಪಕ್ಕೆಲುಬಿನ ಬಾಗಿನಲ್ಲಿ
ಹತ್ತು ಸೆಂಟಿನ ನಾಣ್ಯದಷ್ಟು ಜಾಗ;
ಅಲ್ಲಿ ಮಾತ್ರ ಅವಳು ಉಸಿರು ನುಂಗಿದಳು.

ಕೆಮ್ಮಿದರೆ?
"ಹೂಂ."
ರಾತ್ರಿ ಮಗ್ಗುಲು ಬದಲಿಸಿದರೆ?
"ಬದಲಿಸೋದೇ ಇಲ್ಲ."
ಯಾವಾಗಿನಿಂದ?
"ಮೊದಲು ಹುಟ್ಟು ನೀರು ಕಚ್ಚುವಾಗ ಮಾತ್ರ ಇತ್ತು. ಈಗ ನಗುವಾಗಲೂ."
ಕಡೆಯ ಸಲ ಮುಟ್ಟಾದದ್ದು ಯಾವಾಗ ಅಂತ ಕೇಳಿದೆ, ಗೋಡೆಯ ಕಡೆ ತಿರುಗಿ.
ಗೋಡೆಗೇ ಹೇಳಿದಳು: "ಬೇಸಗೆಯಲ್ಲಿ. ಕ್ರಿಸ್‌ಮಸ್‌ಗೆ ಮುಂಚೆ."

ಹನಿಗೂಡಿದರೆ ಹಳ್ಳ ಎಂಬ ಮಾತು ಕೆರೆಗೆ ಸರಿ.
ಮೂಳೆಗೂ ಸರಿಯೇ, ತಲೆಕೆಳಗಾಗಿ.
ಒಂದು ಎಳೆತದಿಂದ ಏನೂ ಆಗದು. ಹತ್ತು ಸಾವಿರದಿಂದಲೂ,
ಹಗಲು ಸವೆದದ್ದನ್ನು ರಾತ್ರಿ ಒಬ್ಬ ಗಾರೆಯವನು ಬಂದು ಮೆತ್ತಿಹೋದರೆ.
ಅವನಿಗೆ ಕೂಲಿ ಕೊಡದೆ, ಊಟ ಕೊಡದೆ
ದಿನಾ ನಾಳೆ ಬಾ ಅಂದರೆ
ಒಂದು ದಿನ ಗೋಡೆಯೇ ಉತ್ತರ ಹೇಳುತ್ತದೆ.

ನನಗೊಮ್ಮೆ ಹೇಳಿತ್ತು.
ಟೆ ಕೂಯಿಟಿಯ ಆಲ್ಬಿ ಟ್ರೆಗೆನ್ನಾ, ಕುರಿ ಉಣ್ಣೆ ಕತ್ತರಿಸುವವ,
ದಿನಕ್ಕೆ ಮುನ್ನೂರು ಕುರಿ, ಎರಡು ವಾರದ ಕೆಮ್ಮು.
"ಇಲ್ಲಿ ಹಿಡಿದಿದೆ" ಅಂದ. ಹಿಡಿದದ್ದನ್ನು ಬಿಡಿಸುವುದು ನನ್ನ ಕಸುಬು.
ಏನೂ ಕೇಳಲಿಲ್ಲ.
ಅಂಗೈ ಇಟ್ಟೆ, ಉಸಿರು ಬಿಡು ಅಂದೆ, ಒತ್ತಿದೆ.
ಹೆಪ್ಪುಗಟ್ಟಿದ ಇಬ್ಬನಿಯಡಿ ಕಡ್ಡಿ ತುಳಿದ ಹಾಗೆ ಬಂತು ಸದ್ದು,
ಮೆಲ್ಲಗೆ, ಒದ್ದೆಯಾಗಿ.
ಅವನು ಬೈಯಲಿಲ್ಲ. ದುಡ್ಡು ಕೊಟ್ಟು ಹೋದ.
ನೋಟಿಗೆ ಕುರಿಯ ಜಿಡ್ಡಿನ ವಾಸನೆ.

ಏಳು ಮೆರೆಆನಾ. ಇವತ್ತು ನಾನು ಏನನ್ನೂ ಒತ್ತುವುದಿಲ್ಲ.
ಎಕ್ಸ್-ರೇ ಈಗ ತೆಗೆದರೆ ಒಳ್ಳೆಯ ಮಾತೇ ಆಡೀತು,
ಹೊಸ ಬಿರುಕು ಅದರ ಕಣ್ಣಿಗೆ ಬೀಳಲು ವಾರಗಳು ಬೇಕು.
ಹ್ಯಾಮಿಲ್ಟನ್‌ನಲ್ಲಿ ಎಂ.ಆರ್.ಐ. ಮಾಡಲಿ, ಚೀಟಿ ಬರೆಯುತ್ತೇನೆ.
ನಿನ್ನ ಡಾಕ್ಟರಿಗೆ ಇನ್ನೊಂದು: ರಕ್ತ, ವಿಟಮಿನ್ ಡಿ, ಆ ನಿಂತುಹೋದ ತಿಂಗಳುಗಳು.
ಆರು ವಾರವಾದರೂ ಹುಟ್ಟು ಗೋಡೆಗೆ ಒರಗಿರಲಿ.
ನೋವಿಲ್ಲದಷ್ಟು ಸೈಕಲ್ಲು ತುಳಿ. ಹೊಟ್ಟೆ ತುಂಬ ತಿನ್ನು.

"ತಾಳ್ತೇನೆ ನಾನು," ಅಂದಳು.
ತಾಳು, ಅಂದೆ.
ಆಡಿದ್ದು ಇಬ್ಬರೂ ಒಂದೇ ಮಾತು, ಬೇರೆ ಬೇರೆ ದಡದಿಂದ.

ಅಳಲು ಹೋದಳು. ಅದಕ್ಕೂ ಪಕ್ಕೆ ಬೇಕು.
ಅರ್ಧಕ್ಕೇ ನಿಲ್ಲಿಸಿದಳು.

ಸಂಜೆ ಕೋಚ್ ಫೋನಿನಲ್ಲಿ:
"ಇಷ್ಟು ವರ್ಷದ ಕೈ ನಿಮ್ಮದು. ಏನೂ ಮಾಡದೆ ಕಳಿಸಿದಿರಾ?"
ಹೌದು ಅಂದೆ. ಬಿಲ್ಲಿನಲ್ಲಿ ಅದಕ್ಕೆ ಕಲಮೇ ಇಲ್ಲ,
ಖಾಲಿ ಬಿಟ್ಟೆ.

ಶನಿವಾರ ಕಾವಳ ತೆಳುವಾಗಿತ್ತು.
ಐದನೆಯ ಜಾಗದಲ್ಲಿ ಬೇರೆ ಯಾರೋ. ಎಂಟು ಹುಟ್ಟು, ಒಂದೇ ಸದ್ದು.
ಅವಳು ದಡದಲ್ಲಿ, ಅಣ್ಣನ ದೊಡ್ಡ ಜಾಕೆಟ್ಟಿನೊಳಗೆ,
ಕಾಗದದ ಪೊಟ್ಟಣದಿಂದ ಆಲೂಗಡ್ಡೆ ಹೆಕ್ಕುತ್ತಿದ್ದಳು.
ಪಕ್ಕದವರು ಏನೋ ಅಂದರು.
ಅಂಗೈಯನ್ನು ಏಳನೆಯ ಪಕ್ಕೆಲುಬಿನ ಮೇಲೆ ಇಟ್ಟುಕೊಂಡು,
ಒತ್ತದೆ,
ನಕ್ಕಳು.